ನಿಮ್ಮ ವರದಿ ನಮಗೂ ಓದಲು ಸಿಗಲಿ: ರಿಸರ್ವ್ ಬ್ಯಾಂಕಿಗೆ ವಿಜಯನಗರದ ಮೆಸ್‌ನಿಂದ

ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ ಮತ್ತು ಹಣಕಾಸು ನೀತಿ ಸಮಿತಿಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ವಿಜಯನಗರದಲ್ಲಿ ಹದಿನಾಲ್ಕು ವರ್ಷದಿಂದ ಒಂದು ಸಣ್ಣ ಮೆಸ್ ನಡೆಸುತ್ತಿದ್ದೇನೆ. ಮಧ್ಯಾಹ್ನ, ರಾತ್ರಿ ಸೇರಿ ದಿನಕ್ಕೆ ಎಂಬತ್ತು ತೊಂಬತ್ತು ಊಟ. ಬರುವವರಲ್ಲಿ ಜಾಸ್ತಿ ಜನ ಇಲ್ಲಿನ ಕೋಚಿಂಗ್ ಸೆಂಟರ್‌ಗಳಲ್ಲಿ ಓದುವ ಮಕ್ಕಳು. ಹಾವೇರಿ, ಕೊಪ್ಪಳ, ಚಿತ್ರದುರ್ಗ, ಕಲಬುರಗಿ ಕಡೆಯಿಂದ ಬಂದು ಪಿಜಿಗಳಲ್ಲಿ ಇರುತ್ತಾರೆ. ಊರಿಂದ ಅಪ್ಪ ಅಮ್ಮ ಕಳಿಸುವ ದುಡ್ಡಿನಲ್ಲಿ ತಿಂಗಳು ತಳ್ಳುತ್ತಾರೆ.

ಅವರಲ್ಲೊಬ್ಬ ಹುಡುಗ ಕೇಳಿದ ಪ್ರಶ್ನೆಯಿಂದ ಈ ಪತ್ರ ಹುಟ್ಟಿತು. ಅದು 2025ರ ನವೆಂಬರ್. ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಶೇ 0.25 ಎಂದು ಪತ್ರಿಕೆಯಲ್ಲಿ ಬಂದಿತ್ತು. ಊಟ ಮುಗಿಸಿ ಕೈ ತೊಳೆದು ಬಂದವನು ಕೇಳಿದ: “ಆಂಟಿ, ಹಣದುಬ್ಬರ ಕಾಲು ಪರ್ಸೆಂಟಿಗೆ ಇಳಿದಿದೆಯಂತೆ. ಊಟದ ರೇಟ್ ಯಾವಾಗ ಇಳಿಸ್ತೀರಾ?”

ಅವನು ತಮಾಷೆಗೆ ಕೇಳಿದ್ದಲ್ಲ. ತೊಂಬತ್ತು ರೂಪಾಯಿಯ ಊಟ ಅವನಿಗೆ ಭಾರ. ಎರಡು ಹೊತ್ತು ಬರುತ್ತಿದ್ದವನು ಕೆಲವು ತಿಂಗಳಿಂದ ಒಂದೇ ಹೊತ್ತು ಬರುತ್ತಿದ್ದ. ಅದು ನನಗೆ ಗೊತ್ತಿತ್ತು. ಅವನಿಗೆ ಏನು ಹೇಳಬೇಕು ಎಂದು ಮಾತ್ರ ಗೊತ್ತಾಗಲಿಲ್ಲ. ತರಕಾರಿ, ತೊಗರಿಬೇಳೆ ಆ ವರ್ಷ ಇಳಿದಿದ್ದವು, ನಿಜ. ಆದರೆ ಎಣ್ಣೆ ಇಳಿದಿರಲಿಲ್ಲ. ಕಾಫಿಪುಡಿ ಇಳಿದಿರಲಿಲ್ಲ. ಬಾಡಿಗೆ, ಅಡುಗೆಯವರ ಸಂಬಳ, ಪಾತ್ರೆ ತೊಳೆಯುವವರ ಕೂಲಿ ಯಾವುದೂ ಇಳಿದಿರಲಿಲ್ಲ. ಹಾಗಾದರೆ ಇಳಿದದ್ದು ಏನು?

ನಾನು ದಿನದ ಖರ್ಚು ಬರೆದಿಡುವವಳು. 2012ರಿಂದ ಇಲ್ಲಿಯವರೆಗಿನ ಪುಸ್ತಕಗಳು ಅಟ್ಟದ ಮೇಲೆ ಇವೆ. ಆ ಹುಡುಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಪುಸ್ತಕ, ನನ್ನ ಲೆಕ್ಕದ ಪುಸ್ತಕ ಎರಡನ್ನೂ ಇಟ್ಟುಕೊಂಡು ಕೆಲವು ರಾತ್ರಿ ಮೆಸ್ ಬಾಗಿಲು ಹಾಕಿದ ಮೇಲೆ ಕೂತೆವು. ನಮಗೆ ಅರ್ಥವಾದದ್ದನ್ನು, ಆಮೇಲೂ ಅರ್ಥವಾಗದೆ ಉಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಕೊನೆಗೆ ಎರಡು ಕೋರಿಕೆ ಇವೆ: ಹಣದುಬ್ಬರದ ಗುರಿ ತಪ್ಪಿದಾಗ ನೀವು ಸರ್ಕಾರಕ್ಕೆ ಕೊಡುವ ವರದಿ ನಮಗೂ ಸಿಗಲಿ, ದರ ಹೇಳುವ ದಿನ ಒಂದು ಪುಟ ಕನ್ನಡದಲ್ಲಿ ಬರಲಿ.

ಮೊದಲು ಆ ಪದದ ಬಗ್ಗೆ. ಕನ್ನಡದಲ್ಲಿ ನಾವು ‘ಹಣದುಬ್ಬರ’ ಅನ್ನುತ್ತೇವೆ. ಉಬ್ಬರ ಎಂದರೆ ಸಮುದ್ರದ ನೀರು ಏರಿ ಬರುವುದು. ಉಬ್ಬರ ಇಳಿದರೆ ನೀರು ಹಿಂದೆ ಸರಿಯುತ್ತದೆ, ಮುಳುಗಿದ್ದ ದಡ ಮತ್ತೆ ಕಾಣುತ್ತದೆ. ಹಾಗಾಗಿ ‘ಹಣದುಬ್ಬರ ಇಳಿದಿದೆ’ ಎಂದು ಓದಿದರೆ, ಬೆಲೆ ಹಿಂದೆ ಹೋಗಿದೆ ಎಂದೇ ಯಾರಿಗಾದರೂ ಅನಿಸುತ್ತದೆ. ಆ ಹುಡುಗನಿಗೂ ಹಾಗೇ ಅನಿಸಿತು. ನನಗೂ ಇಷ್ಟು ವರ್ಷ ಹಾಗೇ ಅನಿಸಿತ್ತು. ಆದರೆ ನೀವು ಹೇಳುವ ಸಂಖ್ಯೆ ನೀರಿನ ಮಟ್ಟದ್ದಲ್ಲ, ನೀರು ಏರುತ್ತಿರುವ ವೇಗದ್ದು. ವೇಗ ಕಡಿಮೆಯಾದರೂ ನೀರು ಬಂದಲ್ಲಿಯೇ ನಿಂತಿರುತ್ತದೆ. ಇನ್ನೂ ಏರುತ್ತಲೂ ಇರುತ್ತದೆ, ನಿಧಾನವಾಗಿ.

ನೂರು ರೂಪಾಯಿಯ ದಿನಸಿ ಚೀಲ ಇಟ್ಟುಕೊಂಡು ಲೆಕ್ಕ ಹಾಕಿದೆವು. ಮೊದಲ ವರ್ಷ ಶೇ 7 ಏರಿದರೆ 107 ರೂಪಾಯಿ. ಎರಡನೇ ವರ್ಷ ಶೇ 5 ಏರಿದರೆ 112 ರೂಪಾಯಿ 35 ಪೈಸೆ. ಮೂರನೇ ವರ್ಷ ಬರೀ ಶೇ 2. ಹಣದುಬ್ಬರ 7ರಿಂದ 2ಕ್ಕೆ ಇಳಿಯಿತು ಎಂದು ಆ ವರ್ಷ ಸುದ್ದಿಯಾಗುತ್ತದೆ. ಚೀಲದ ಬೆಲೆ ಮಾತ್ರ 114 ರೂಪಾಯಿ 60 ಪೈಸೆ. ಸುದ್ದಿಯೂ ನಿಜ, ಚೀಲವೂ ನಿಜ. ಎರಡರ ನಡುವೆ ಇರುವುದನ್ನು ನಮಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ.

ಆ ಕಾಲು ಪರ್ಸೆಂಟಿನ ಹಿಂದೆ ಇನ್ನೂ ಒಂದು ವಿಷಯ ಇದೆ. ಈ ತಿಂಗಳ ಬೆಲೆಯನ್ನು ಹೋದ ವರ್ಷದ ಇದೇ ತಿಂಗಳ ಬೆಲೆಗೆ ಹೋಲಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 6.21 ಇತ್ತು. ತರಕಾರಿಯಂತೂ ಮುಟ್ಟುವ ಹಾಗಿರಲಿಲ್ಲ. ಅಷ್ಟು ಎತ್ತರದ ಜಾಗದಿಂದ ಅಳೆದಾಗ ಮುಂದಿನ ವರ್ಷದ್ದು ಚಿಕ್ಕದಾಗಿ ಕಂಡಿತು. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ಬಹಳ ವಸ್ತುಗಳ ಜಿಎಸ್‌ಟಿಯೂ ಇಳಿದಿತ್ತು. ಎಲ್ಲ ಸೇರಿ ಆ ಸಂಖ್ಯೆ ಬಂತು. ಇಷ್ಟು ತಿಳಿದಿದ್ದರೆ ಅವತ್ತೇ ಆ ಹುಡುಗನಿಗೆ ಹೇಳುತ್ತಿದ್ದೆ.

ಹಣದುಬ್ಬರಕ್ಕೆ ನಿಮ್ಮ ಗುರಿ ಶೇ 4. ಮೇಲೆ ಎರಡು, ಕೆಳಗೆ ಎರಡು ಆಚೀಚೆ ಆಗಬಹುದು. 2014ರ ಜನವರಿಯಲ್ಲಿ, ಆಗ ನಿಮ್ಮ ಡೆಪ್ಯುಟಿ ಗವರ್ನರ್ ಆಗಿದ್ದ ಊರ್ಜಿತ್ ಪಟೇಲ್ ಅವರ ಸಮಿತಿ ಇದನ್ನು ಹೇಳಿತು. 2016ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಅಂದರೆ ಎಲ್ಲವೂ ನೀವು ಅಂದುಕೊಂಡ ಹಾಗೆ ನಡೆದರೂ ವರ್ಷಕ್ಕೆ ಶೇ 4ರಂತೆ ಬೆಲೆ ಏರುತ್ತಲೇ ಇರುತ್ತದೆ. ಹದಿನೆಂಟು ವರ್ಷಕ್ಕೆ ಎರಡು ಪಟ್ಟಾಗುತ್ತದೆ. ಇವತ್ತಿನ ತೊಂಬತ್ತು ರೂಪಾಯಿ ಊಟ ಆಗ ನೂರ ಎಂಬತ್ತು. ಇದು ತಪ್ಪು ಎಂದು ನಾನು ಹೇಳುವುದಿಲ್ಲ. ಬೆಲೆ ಬೀಳುವುದರಲ್ಲೂ ನೋವಿದೆ. ಕೋಲಾರದ ಕಡೆಯವರು ಟೊಮೆಟೊ ರೇಟ್ ಬಿದ್ದಾಗ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋಗುವುದನ್ನು ನೋಡಿದ್ದೇವೆ. ಆದರೆ ಶೇ 4 ಅನ್ನುವುದು ಏರಿಕೆಯ ಗುರಿ ಎಂದು ನನ್ನ ಮೆಸ್‌ಗೆ ಬರುವ ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೇಳಿ ನೋಡಿದೆ.

ನಮ್ಮ ಅಡುಗೆಯಾಕೆ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. “ನೋಟು ಮೈಸೂರಲ್ಲೇ ಅಚ್ಚಾಗ್ತದಲ್ಲ ಅಕ್ಕಾ, ಇನ್ನೊಂದಿಷ್ಟು ಹಾಕಿ ಎಲ್ಲರಿಗೂ ಕೊಡಬಾರದಾ?” ನಮ್ಮ ಮೆಸ್‌ನಲ್ಲಿ ಟೋಕನ್ ಪದ್ಧತಿ. ನಲವತ್ತು ಊಟ ಮಾಡಿಟ್ಟು ಅರವತ್ತು ಟೋಕನ್ ಹಂಚಿದರೆ ಅನ್ನ ಜಾಸ್ತಿ ಆಗುವುದಿಲ್ಲ, ಸೌಟು ಚಿಕ್ಕದಾಗುತ್ತದೆ ಎಂದೆ. ಅವಳಿಗೆ ತಕ್ಷಣ ಅರ್ಥವಾಯಿತು. ಸರ್ಕಾರಕ್ಕೆ ದುಡ್ಡು ಬೇಕಾದಾಗಲೆಲ್ಲ ರಿಸರ್ವ್ ಬ್ಯಾಂಕಿನಿಂದ ನೇರವಾಗಿ ಎತ್ತುವ, ಅಂದರೆ ಹೊಸ ಟೋಕನ್ ಹಂಚಿದಂಥದೇ ಒಂದು ದಾರಿ ಹಿಂದೆ ಇತ್ತಂತೆ. ಅದನ್ನು 1997ರ ಏಪ್ರಿಲ್ 1ರಿಂದ ನಿಲ್ಲಿಸಿದರು. ಸಿ. ರಂಗರಾಜನ್ ಅವರು ಗವರ್ನರ್ ಆಗಿದ್ದ ಕಾಲ. ಇಂಥ ದೊಡ್ಡ ಕೆಲಸಗಳು ನಡೆದಿವೆ, ನಮ್ಮ ಅಡುಗೆಮನೆಗೆ ಅದರ ಸುದ್ದಿ ತಲುಪಿಲ್ಲ.

ಇನ್ನು, ಯಾವ ಬೆಲೆ ನಿಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂಬ ವಿಷಯ. ನನಗೆ ಜಾಸ್ತಿ ಗೊಂದಲ ಇದ್ದದ್ದು ಇಲ್ಲಿಯೇ.

2025ರ ಮೊದಲ ನಾಲ್ಕು ತಿಂಗಳನ್ನು ಬೆಂಗಳೂರಿನವರು ಯಾರೂ ಮರೆಯುವುದಿಲ್ಲ. ಜನವರಿ 5ಕ್ಕೆ ಬಸ್ ದರ ಶೇ 15 ಏರಿತು. ನನಗೂ ಅಡುಗೆಯಾಕೆಗೂ ಶಕ್ತಿ ಯೋಜನೆಯಲ್ಲಿ ಉಚಿತ, ಹುಡುಗರಿಗೆ ಹೊರೆ. ಫೆಬ್ರವರಿ 7ಕ್ಕೆ ನೀವು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ನೀವು ಸಾಲ ಕೊಡುವ ಬಡ್ಡಿಯನ್ನು, ಶೇ 6.50ರಿಂದ 6.25ಕ್ಕೆ ಇಳಿಸಿದಿರಿ. ಸುಮಾರು ಐದು ವರ್ಷದಲ್ಲಿ ಮೊದಲ ಇಳಿಕೆ ಎಂದು ಟಿವಿಯಲ್ಲಿ ಸಂಭ್ರಮ. ಎರಡು ದಿನ ಕಳೆಯಿತು, ಫೆಬ್ರವರಿ 9ಕ್ಕೆ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು. ಏಪ್ರಿಲ್ 1ಕ್ಕೆ ನಂದಿನಿ ನೀಲಿ ಪ್ಯಾಕೆಟ್ ಲೀಟರಿಗೆ 42ರಿಂದ 46 ಆಯಿತು. ಆ ನಾಲ್ಕು ರೂಪಾಯಿ ಹಾಲು ಹಾಕುವ ರೈತರಿಗೆ ಎಂದರು, ಅದಕ್ಕೆ ನನ್ನ ತಕರಾರಿಲ್ಲ. ಅದೇ ದಿನ ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಏರಿತು. ಏಪ್ರಿಲ್ 9ಕ್ಕೆ ನೀವು ರೆಪೊ ಮತ್ತೆ ಇಳಿಸಿ 6 ಮಾಡಿದಿರಿ. ಅದೇ ತಿಂಗಳು, ಹತ್ತು ವರ್ಷಕ್ಕೂ ಮೀರಿ ಏರದಿದ್ದ ಕಾವೇರಿ ನೀರಿನ ದರವೂ ಏರಿತು.

ಒಂದು ಕಡೆ ‘ಹಣದುಬ್ಬರ ಹತೋಟಿಗೆ ಬಂದಿದೆ, ಅದಕ್ಕೇ ಬಡ್ಡಿ ಇಳಿಸುತ್ತಿದ್ದೇವೆ’ ಎಂದು ನೀವು ಹೇಳುತ್ತೀರಿ. ಇನ್ನೊಂದು ಕಡೆ ಬೆಳಿಗ್ಗೆ ಎದ್ದು ಹಾಲಿನಿಂದ ಶುರುಮಾಡಿ ರಾತ್ರಿ ನಲ್ಲಿ ನಿಲ್ಲಿಸುವವರೆಗೆ ಎಲ್ಲದಕ್ಕೂ ಜಾಸ್ತಿ ಕೊಡುತ್ತಿದ್ದೇವೆ. ನಮ್ಮ ಬೀದಿಯಲ್ಲಿ ಒಬ್ಬರೂ ನಿಮ್ಮನ್ನು ನಂಬಲಿಲ್ಲ. ನೀವು ಸುಳ್ಳು ಹೇಳಿದ್ದಿರಿ ಅಂತಲ್ಲ. ದೇಶದ ಲೆಕ್ಕವೇ ಬೇರೆ, ಒಂದು ಊರಿನ ಲೆಕ್ಕವೇ ಬೇರೆ. ಹಾಲಿನ ದರಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಮೆಟ್ರೊ ದರವನ್ನು ಅದಕ್ಕೆಂದೇ ಇರುವ ಸಮಿತಿ ನಿಗದಿ ಮಾಡುತ್ತದೆ. ಅಡುಗೆ ಎಣ್ಣೆಯ ಆಮದು ಸುಂಕ ಕೇಂದ್ರ ಸರ್ಕಾರದ ಕೈಯಲ್ಲಿದೆ. 2024ರ ಸೆಪ್ಟೆಂಬರ್‌ನಲ್ಲಿ ಆ ಸುಂಕ ಏರಿಸಿದ ವಾರವೇ ನನ್ನ ಪುಸ್ತಕದಲ್ಲಿ ಸೂರ್ಯಕಾಂತಿ ಎಣ್ಣೆಯ ಸಾಲು ಮೇಲೆ ಹೋಗಿದೆ. ಕಾಫಿಗೆ ಬ್ರೆಜಿಲ್, ವಿಯೆಟ್ನಾಂನ ಬರಗಾಲ ಕಾರಣ. ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೇ ಬೆಳೆದರೂ ರೇಟ್ ಲಂಡನ್, ನ್ಯೂಯಾರ್ಕ್ ಮಾರುಕಟ್ಟೆ ನೋಡಿ ಏರುತ್ತದೆ. ಇನ್ನು 2023ರಲ್ಲಿ ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆಗಿತ್ತು. ಆಮೇಲೆ ತೊಗರಿಬೇಳೆ ಏನಾಯಿತು ಎಂದು ಹುಳಿ ಮಾಡುವ ಎಲ್ಲರಿಗೂ ನೆನಪಿದೆ. ಆ ವರ್ಷದ ಜುಲೈನಲ್ಲಿ ಟೊಮೆಟೊ ಕಿಲೋ ನೂರು ದಾಟಿದಾಗ ನಾನು ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕಿ ಕಾಲ ಕಳೆದೆ.

ಬಡ್ಡಿ ಏರಿಸಿದರೆ ಮಳೆ ಬರುವುದಿಲ್ಲ. ಇದು ನಿಮಗೂ ಗೊತ್ತು. ಹಾಗಾದರೆ ಟೊಮೆಟೊ ಏರಿದಾಗ ನೀವು ಯಾಕೆ ಬಡ್ಡಿಯ ಕಡೆ ನೋಡುತ್ತೀರಿ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ಸಿಕ್ಕಿದ್ದು ನನ್ನದೇ ಲೆಕ್ಕದ ಪುಸ್ತಕದಲ್ಲಿ.

2022ರ ಏಪ್ರಿಲ್. ಯುಕ್ರೇನ್ ಯುದ್ಧ ಶುರುವಾಗಿ ಎಣ್ಣೆ ಲೀಟರಿಗೆ ಇನ್ನೂರರ ಹತ್ತಿರ ಬಂದಿತ್ತು. ಕಮರ್ಷಿಯಲ್ ಸಿಲಿಂಡರ್ ಪ್ರತಿ ತಿಂಗಳ ಮೊದಲ ತಾರೀಖು ಹೊಸ ರೇಟ್. ಆ ತಿಂಗಳ ಹಣದುಬ್ಬರ ಶೇ 7.79, ಎಂಟು ವರ್ಷದಲ್ಲೇ ಜಾಸ್ತಿ. ನಾನು ಊಟದ ದರವನ್ನು ಎಪ್ಪತ್ತರಿಂದ ಎಂಬತ್ತಕ್ಕೆ ಏರಿಸಿದೆ. ಹಳೆಯ ಪುಟ ತೆಗೆದು ನೋಡಿದರೆ ಅಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿದೆ: ಒಂದು ಊಟಕ್ಕೆ ಖರ್ಚು ಆರು ರೂಪಾಯಿ ಜಾಸ್ತಿ. ನಾನು ಏರಿಸಿದ್ದು ಹತ್ತು. ಉಳಿದ ನಾಲ್ಕು ರೂಪಾಯಿ ಭಯಕ್ಕೆ. ಮುಂದಿನ ತಿಂಗಳು ಇನ್ನೂ ಏರುತ್ತದೆ, ಪದೇ ಪದೇ ಬೋರ್ಡ್ ಬದಲಾಯಿಸಲು ಆಗುವುದಿಲ್ಲ, ಈಗಲೇ ಏರಿಸಿಬಿಡೋಣ ಎಂಬ ಭಯ. ಕಟ್ಟಡದ ಮಾಲೀಕರೂ ಹಾಗೇ ಯೋಚಿಸಿ ಬಾಡಿಗೆ ಏರಿಸಿದರು. ಅಡುಗೆಯಾಕೆಯ ಮನೆ ಬಾಡಿಗೆ ಏರಿತು, ಅವಳು ಸಂಬಳ ಕೇಳಿದಳು. ಕೇಳಿದ್ದು ನ್ಯಾಯ, ಕೊಟ್ಟೆ. ಮುಂದಿನ ವರ್ಷ ಊಟದ ದರ ಏರಿಸಲು ಆ ಸಂಬಳವೂ ಒಂದು ಕಾರಣವಾಯಿತು. ಎಣ್ಣೆ ಆಮೇಲೆ ನೂರ ಹದಿನೈದರ ಹತ್ತಿರ ಇಳಿಯಿತು. ನಾನು ಎಂಬತ್ತನ್ನು ಎಪ್ಪತ್ತಾರಕ್ಕೆ ತರಲಿಲ್ಲ. ತರಬೇಕಿತ್ತು ಎಂದು ಈಗ ಅನಿಸುತ್ತದೆ. ಆದರೆ ಬಾಡಿಗೆಯನ್ನಾಗಲೀ ಸಂಬಳವನ್ನಾಗಲೀ ಯಾರೂ ಹಿಂದೆ ತೆಗೆದುಕೊಂಡಿರಲಿಲ್ಲ.

ಎಣ್ಣೆಯಲ್ಲಿ ಹುಟ್ಟಿದ ಬೆಲೆ ಏರಿಕೆ ಹೀಗೆ ಬಾಡಿಗೆಗೆ, ಬಾಡಿಗೆಯಿಂದ ಸಂಬಳಕ್ಕೆ, ಸಂಬಳದಿಂದ ಊಟಕ್ಕೆ ದಾಟಿತು. ನೀವು ತಡೆಯಲು ನೋಡುವುದು ಈ ದಾಟುವಿಕೆಯನ್ನು, ನನ್ನಂಥವರ ಆ ನಾಲ್ಕು ರೂಪಾಯಿಯ ಭಯವನ್ನು. ಮೊದಲ ಏರಿಕೆ ಮಳೆಯಿಂದಲೋ ಯುದ್ಧದಿಂದಲೋ ಬರುತ್ತದೆ. ಎರಡನೆಯದು, ಮೂರನೆಯದು ನಮ್ಮ ನಮ್ಮ ಅಂದಾಜಿನಿಂದ ಬರುತ್ತದೆ. ಅದಕ್ಕೇ ನೀವು ಬೆಂಗಳೂರು ಸೇರಿ ದೊಡ್ಡ ನಗರಗಳ ಮನೆಗಳಲ್ಲಿ ‘ಮುಂದೆ ಬೆಲೆ ಎಷ್ಟು ಏರಬಹುದು ಅನ್ನಿಸುತ್ತದೆ’ ಎಂದು ಸಮೀಕ್ಷೆ ಮಾಡುತ್ತೀರಿ. ಆ ಸಮೀಕ್ಷೆಗಳಲ್ಲಿ ಜನ ಹೇಳುವ ಅಂದಾಜು ಸರ್ಕಾರಿ ಸಂಖ್ಯೆಗಿಂತ ಜಾಸ್ತಿಯೇ ಇರುತ್ತದೆ. ಜನರಿಗೆ ಲೆಕ್ಕ ಬರುವುದಿಲ್ಲ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ನಮ್ಮ ಚೀಲ ಬೇರೆ. ಹಣದುಬ್ಬರ ಲೆಕ್ಕ ಹಾಕಲು 2012ನ್ನು ಆಧಾರ ವರ್ಷ ಮಾಡಿಕೊಂಡ ಪಟ್ಟಿಯಲ್ಲಿ ಇಡೀ ದೇಶಕ್ಕೆ ಸೇರಿ ಆಹಾರ, ಪಾನೀಯಕ್ಕೆ ಶೇ 45.86 ಪಾಲು, ಮನೆಗೆ ಶೇ 10.07 ಪಾಲು ಇತ್ತು. ನನ್ನ ಮೆಸ್‌ಗೆ ಬರುವ ಮಕ್ಕಳ ತಿಂಗಳ ಖರ್ಚಿನಲ್ಲಿ ಪಿಜಿ ಬಾಡಿಗೆಯೇ ಅರ್ಧ. ಅದರ ಮೇಲೆ ಅಡ್ವಾನ್ಸ್.

ನಿಮ್ಮ ಔಷಧ ಕೆಲಸ ಮಾಡಿತೇ? ಮಾಡಿತು ಎಂದೇ ಹೇಳುತ್ತೇನೆ. 2022ರ ಮೇ 4ರಂದು, ಸಭೆಯ ತಾರೀಖು ಅಲ್ಲದಿದ್ದರೂ, ನೀವು ರೆಪೊ ದರವನ್ನು 4ರಿಂದ 4.40ಕ್ಕೆ ಏರಿಸಿದಿರಿ. 2023ರ ಫೆಬ್ರವರಿ ಹೊತ್ತಿಗೆ ಅದು 6.50. ಬ್ಯಾಂಕುಗಳಿಗೆ ನೀವು ಸಾಲ ಕೊಡುವ ಬಡ್ಡಿ ಏರಿತು, ಬ್ಯಾಂಕುಗಳು ನಮಗೆ ಏರಿಸಿದವು. ನಾನು ಇನ್ನೊಂದು ದೊಡ್ಡ ಗ್ರೈಂಡರ್ ತೆಗೆದುಕೊಳ್ಳುವುದನ್ನು ಮುಂದೆ ಹಾಕಿದೆ. ಚಂದ್ರಾ ಲೇಔಟಿನಲ್ಲಿ ಇನ್ನೊಂದು ಮೆಸ್ ತೆರೆಯುವ ಆಸೆ ಇತ್ತು, ಅದನ್ನು ಬಿಟ್ಟೆ. ಪಕ್ಕದ ಮನೆಯವರು ಸ್ಕೂಟರ್ ಕೊಳ್ಳಲಿಲ್ಲ. ಹೀಗೆ ಲಕ್ಷಾಂತರ ಜನ ಕೈ ಬಿಗಿಹಿಡಿದರು. ಅಂಗಡಿಯವರಿಗೂ ಬೆಲೆ ಏರಿಸುವ ಧೈರ್ಯ ಕಡಿಮೆಯಾಯಿತು. ಹಣದುಬ್ಬರ ಇಳಿದದ್ದಕ್ಕೆ ಮಳೆ, ಬೆಳೆ, ಸರ್ಕಾರದ ಕ್ರಮಗಳು ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ ಇರಬಹುದು. ಅಂದರೆ ಆ ಇಳಿಕೆಗೆ ನಾವು ಏನೋ ಕೊಟ್ಟಿದ್ದೇವೆ. ಆ ಎರಡನೇ ಮೆಸ್ ಆಗಿದ್ದರೆ ನಾಲ್ಕು ಹೆಂಗಸರಿಗೆ ಕೆಲಸ ಸಿಗುತ್ತಿತ್ತು. ನಿಮ್ಮ ಹೇಳಿಕೆಗಳಲ್ಲಿ ಆ ನಾಲ್ಕು ಹೆಂಗಸರು ಎಲ್ಲಿಯೂ ಕಾಣುವುದಿಲ್ಲ.

ಸಾಲದ ವಿಷಯವನ್ನೂ ಹೇಳಲೇಬೇಕು. 2021ರಲ್ಲಿ ನಾವು ಮನೆಗೆ ಇಪ್ಪತ್ತು ಲಕ್ಷ ಸಾಲ ಮಾಡಿದೆವು. ಹದಿನೈದು ವರ್ಷ, ಶೇ 7 ಬಡ್ಡಿ, ತಿಂಗಳಿಗೆ ಸುಮಾರು ಹದಿನೆಂಟು ಸಾವಿರ ಕಂತು. ಸಾಲ ರೆಪೊ ದರಕ್ಕೆ ಜೋಡಿಸಿದ್ದು. 2022, 2023ರಲ್ಲಿ ಕಂತು ಏರಲಿಲ್ಲ. ನಮಗೆ ಏನೂ ಆಗಿಲ್ಲ ಎಂದು ಸಮಾಧಾನದಿಂದ ಇದ್ದೆ. 2024ರಲ್ಲಿ ಬೇರೆ ಕೆಲಸಕ್ಕೆ ಬ್ಯಾಂಕಿಗೆ ಹೋದಾಗ ಗೊತ್ತಾಯಿತು, ಕಂತು ಹಾಗೇ ಬಿಟ್ಟು ವರ್ಷಗಳನ್ನು ಏರಿಸಿದ್ದರು. ಲೆಕ್ಕ ಬೇಕಾದರೆ ಯಾರಾದರೂ ಹಾಕಿ ನೋಡಬಹುದು. ಇಪ್ಪತ್ತು ಲಕ್ಷಕ್ಕೆ ಬಡ್ಡಿ 7ರಿಂದ 9.5 ಆದರೆ, ಅದೇ ಹದಿನೆಂಟು ಸಾವಿರದಲ್ಲಿ ಸಾಲ ತೀರಲು ಹದಿನೈದರ ಬದಲು ಇಪ್ಪತ್ತೆರಡು ವರ್ಷ ದಾಟುತ್ತದೆ. ಏಳು ವರ್ಷ! ನನ್ನ ಗಂಡನಿಗೆ ಈಗ ಐವತ್ತಾರು.

2023ರ ಆಗಸ್ಟ್‌ನಲ್ಲಿ ನೀವೇ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದ್ದೀರಿ. ಬಡ್ಡಿ ಬದಲಾದಾಗ ಸಾಲಗಾರರಿಗೆ ತಿಳಿಸಬೇಕು, ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಎಂದು ಅವರನ್ನೇ ಕೇಳಬೇಕು ಎಂದು. ಓದಿದಾಗ ಕಣ್ಣು ತುಂಬಿ ಬಂತು. ನಮ್ಮ ಬಗ್ಗೆ ಯೋಚಿಸಿದವರು ಅಲ್ಲಿ ಇದ್ದಾರೆ ಅನಿಸಿತು. ಆದರೆ ನಮ್ಮ ಬ್ಯಾಂಕಿನವರು ನನ್ನನ್ನು ಕೇಳಿರಲಿಲ್ಲ. ನಾನೇ ಹೋಗಿ ಕೇಳಿದಾಗ ಕೈಗಿಟ್ಟ ಹಾಳೆಗಳು ಪೂರ್ತಿ ಇಂಗ್ಲಿಷಿನಲ್ಲಿದ್ದವು. ಈಗ ನೀವು ದರ ಇಳಿಸಿ, 2025ರ ಡಿಸೆಂಬರ್‌ನಲ್ಲಿ 5.25ಕ್ಕೆ ತಂದಿದ್ದೀರಿ. ನಮ್ಮ ಸಾಲಕ್ಕೆ ಒಳ್ಳೆಯದಾಯಿತು. ನಮ್ಮ ಅತ್ತೆ ಠೇವಣಿಯ ಬಡ್ಡಿಯಲ್ಲಿ ಮಾತ್ರೆ ಔಷಧಿ ನೋಡಿಕೊಳ್ಳುವವರು. ಅವರಿಗೆ ಕಡಿಮೆಯಾಯಿತು. ಒಂದೇ ಮನೆಯೊಳಗೆ ನಿಮ್ಮ ಒಂದು ತೀರ್ಮಾನ ಎರಡು ದಿಕ್ಕಿಗೆ ಎಳೆಯುತ್ತದೆ.

ಈಗ ನಾನು ನಿಜವಾಗಿ ಕೇಳಬೇಕಾದದ್ದು.

ಸತತ ಮೂರು ತ್ರೈಮಾಸಿಕ, ಅಂದರೆ ಒಂಬತ್ತು ತಿಂಗಳು, ಸರಾಸರಿ ಹಣದುಬ್ಬರ ಶೇ 6 ದಾಟಿದರೆ ಅಥವಾ ಶೇ 2ಕ್ಕಿಂತ ಕೆಳಗಿದ್ದರೆ ನೀವು ಗುರಿ ತಪ್ಪಿದಂತೆ ಎಂದು ನಿಯಮ ಇದೆ. ಆಗ ನೀವು ಕೇಂದ್ರ ಸರ್ಕಾರಕ್ಕೆ ಒಂದು ವರದಿ ಕೊಡಬೇಕು. ಯಾಕೆ ತಪ್ಪಿತು, ಏನು ಮಾಡುತ್ತೀರಿ, ಎಷ್ಟು ಸಮಯದಲ್ಲಿ ಸರಿಹೋಗುತ್ತದೆ ಎಂದು ಮೂರೂ ಅದರಲ್ಲಿ ಇರಬೇಕು. 2022ರಲ್ಲಿ ಹಾಗೆ ಆಯಿತು. ನವೆಂಬರ್ 3ರಂದು ನಿಮ್ಮ ಸಮಿತಿ ಅದಕ್ಕೆಂದೇ ಸೇರಿತು. ವರದಿ ಸರ್ಕಾರಕ್ಕೆ ಹೋಯಿತು. ನಮಗೆ ತೋರಿಸಲಿಲ್ಲ. ಬಹಿರಂಗ ಮಾಡಬೇಕೆಂದು ಕಾನೂನಿನಲ್ಲಿ ಇಲ್ಲ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು.

ಕಾನೂನಿನಲ್ಲಿ ಇಲ್ಲದಿರಬಹುದು. ಆದರೆ ಆ ಒಂಬತ್ತು ತಿಂಗಳು ಎಣ್ಣೆ ಕೊಂಡವರು ನಾವು, ಕಂತು ಕಟ್ಟಿದವರು ನಾವು. ಯಾಕೆ ತಪ್ಪಿತು ಎಂದು ತಿಳಿಯುವ ಹಕ್ಕು ನಮಗಿಲ್ಲವೇ? ಇಂಗ್ಲೆಂಡಿನಲ್ಲಿ ಹಣದುಬ್ಬರ ಗುರಿಯಿಂದ ಶೇ 1ಕ್ಕಿಂತ ಜಾಸ್ತಿ ಆಚೀಚೆ ಆದರೆ ಅಲ್ಲಿನ ಕೇಂದ್ರ ಬ್ಯಾಂಕಿನ ಗವರ್ನರ್ ಹಣಕಾಸು ಸಚಿವರಿಗೆ ಪತ್ರ ಬರೆಯುತ್ತಾರೆ. ಅದು ಬಹಿರಂಗ ಪತ್ರವೇ, ಯಾರು ಬೇಕಾದರೂ ಓದಬಹುದು. 2007ರಲ್ಲಿ ಅಲ್ಲಿನ ಆಗಿನ ಗವರ್ನರ್ ಮರ್ವಿನ್ ಕಿಂಗ್ ಅವರು ಅಂಥ ಮೊದಲ ಪತ್ರ ಬರೆದರು. ಅದರಿಂದ ಅಲ್ಲಿ ಯಾರ ಮರ್ಯಾದೆಯೂ ಹೋಗಲಿಲ್ಲ.

2022ರ ಆ ವರದಿಯನ್ನು ಈಗಲಾದರೂ ನಮಗೆ ಓದಲು ಕೊಡಿ. ಮುಂದೆ ಎಂದಾದರೂ ಗುರಿ ತಪ್ಪಿದರೆ ಆ ವರದಿ ಸರ್ಕಾರಕ್ಕೆ ಹೋದ ದಿನವೇ ನಮಗೂ ಬರಲಿ. ಕಾನೂನು ಬದಲಾಗಬೇಕಾದರೆ ಅದನ್ನು ಕೇಳಬೇಕಾದವರು ನಮ್ಮ ಸಂಸದರು, ಅವರಿಗೂ ಈ ಪತ್ರದ ಪ್ರತಿ ಕೊಡುತ್ತಿದ್ದೇನೆ.

ಇನ್ನೊಂದು ಕೋರಿಕೆ ಚಿಕ್ಕದು, ನನ್ನ ಪಾಲಿಗೆ ಅದು ದೊಡ್ಡದು. ಎರಡು ತಿಂಗಳಿಗೊಮ್ಮೆ ನೀವು ದರ ಹೇಳುವ ದಿನ, ಒಂದೇ ಒಂದು ಪುಟ ಕನ್ನಡದಲ್ಲಿ ಬರೆಸಿ. ಮೋಸದ ಕರೆಗಳ ಬಗ್ಗೆ ನಿಮ್ಮ ಎಚ್ಚರಿಕೆಗಳು ನಮಗೆ ಕನ್ನಡದಲ್ಲಿ ಬರುತ್ತವೆ, ಅದರಿಂದ ನಮ್ಮ ಬೀದಿಯಲ್ಲೇ ಇಬ್ಬರು ಬಚಾವಾಗಿದ್ದಾರೆ. ನೋಟಿನ ಹಿಂದೆ ಭಾಷೆಗಳ ಸಾಲಿನಲ್ಲಿ ನಾಲ್ಕನೆಯದು ಕನ್ನಡ. ನೃಪತುಂಗ ರಸ್ತೆಯಲ್ಲಿ ನಿಮ್ಮ ಕಚೇರಿ ಇದೆ, ಅಲ್ಲಿ ಕನ್ನಡ ಬಲ್ಲವರು ಇದ್ದೇ ಇರುತ್ತಾರೆ ಅಲ್ವಾ. ಪತ್ರಿಕೆಗೆ ಕೊಡುವ ಹೇಳಿಕೆಯ ಅನುವಾದ ಬೇಡ, ಅದು ನಮಗೆ ಅರ್ಥವಾಗುವುದಿಲ್ಲ. ಕೂತು ಹೇಳಿದ ಹಾಗೆ ಬರೆಸಿ. ‘ಹಣದುಬ್ಬರ ಇಳಿದಿದೆ’ ಎಂದು ಬರೆಯುವ ಬದಲು ‘ಬೆಲೆ ಏರುವ ವೇಗ ಕಡಿಮೆಯಾಗಿದೆ, ಬೆಲೆ ಇಳಿದಿಲ್ಲ’ ಎಂದು ಬರೆಸಿ. ಈ ಎರಡು ತಿಂಗಳಲ್ಲಿ ಯಾವುದು ಮಳೆಯಿಂದ ಏರಿತು, ಯಾವುದು ಸುಂಕದಿಂದ, ಯಾವುದು ರಾಜ್ಯದ ತೀರ್ಮಾನದಿಂದ, ಯಾವುದು ನಿಮ್ಮ ಕೈಯಲ್ಲಿತ್ತು ಎಂದು ಹೇಳಿ. ರೆಪೊಗೆ ಜೋಡಿಸಿದ ಸಾಲ ಇರುವವರು ಬ್ಯಾಂಕಿನಲ್ಲಿ ಏನು ಕೇಳಬೇಕು ಎಂದು ಎರಡು ಸಾಲು ಸೇರಿಸಿ.

2022ರಲ್ಲಿ ಅಂಥ ಒಂದು ಪುಟ ನನ್ನ ಕೈಯಲ್ಲಿದ್ದಿದ್ದರೆ, ಎಣ್ಣೆಯ ಏರಿಕೆ ಯುದ್ಧದ್ದು, ಕೆಲವು ತಿಂಗಳಲ್ಲಿ ಇಳಿಯಬಹುದು ಎಂದು ತಿಳಿದಿದ್ದರೆ, ಬಹುಶಃ ನಾನು ಹತ್ತು ರೂಪಾಯಿ ಏರಿಸುತ್ತಿರಲಿಲ್ಲ. ಆರೇ ಏರಿಸುತ್ತಿದ್ದೆ. ದಿನಕ್ಕೆ ಎಂಬತ್ತು ಊಟ, ಊಟಕ್ಕೆ ನಾಲ್ಕು ರೂಪಾಯಿ.

ಆ ಹುಡುಗನಿಗೆ ಕೊನೆಗೂ ಉತ್ತರ ಹೇಳಿದೆ. ದರ ಇಳಿಸಲು ಆಗುವುದಿಲ್ಲ, ಆದರೆ ಈ ವರ್ಷ ಏರಿಸುವುದಿಲ್ಲ ಎಂದೆ. ಲೆಕ್ಕದ ಪುಸ್ತಕ ಅವನ ಮುಂದೆಯೇ ಇಟ್ಟೆ. ಅವನು ಪುಟ ತಿರುಗಿಸಿ ನೋಡಿ, “ಸರಿ ಆಂಟಿ” ಎಂದ. ಈಗ ಮತ್ತೆ ಎರಡು ಹೊತ್ತು ಬರುತ್ತಿದ್ದಾನೆ. ರಾತ್ರಿಯ ಊಟಕ್ಕೆ ಬದಲಾಗಿ ಸಂಜೆ ಒಂದು ಗಂಟೆ ನನ್ನ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿಕೊಡುತ್ತಾನೆ. 2012ರಿಂದ 2017ರವರೆಗೆ ಮುಗಿದಿದೆ. ಉಳಿದದ್ದೂ ಮುಗಿದ ಮೇಲೆ, ನಿಮಗೆ ಉಪಯೋಗ ಇದ್ದರೆ, ಒಂದು ಪ್ರತಿ ನೃಪತುಂಗ ರಸ್ತೆಯ ಕಚೇರಿಗೆ ತಂದುಕೊಡುತ್ತೇನೆ. ನಿಮ್ಮ ಕನ್ನಡದ ಪುಟ ಬಂದರೆ ರೇಟ್ ಬೋರ್ಡಿನ ಪಕ್ಕದ ಗೋಡೆಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇನೆ.

ಇಂತಿ,
ವಿಜಯನಗರದಲ್ಲಿ ಮೆಸ್ ನಡೆಸುವ ಒಬ್ಬ ಹೆಂಗಸು
ಬೆಂಗಳೂರು